ಕಿಟಕಿಯ ಹೊರಗಿನ ಅಶೋಕ

(ಆಕಾಶವಾಣಿ ಭಾಷಣ)

ಅಶೋಕವೃಕ್ಷವನ್ನು ಕುರಿತು ನಾನು ಎಂಟು ವರ್ಷಗಳ ಕಾಲ ಪಾಠ ಹೇಳಿದ್ದೇನೆ. ಮನ್ಮಥನ ಐದು ಹೂಬಾಣಗಳಲ್ಲಿ ಅದೂ ಒಂದೆಂದು ಹೇಳಿದ್ದೇನೆ. ಗೆಜ್ಜೆ ತೊಟ್ಟ ತರುಣಿಯ ಪಾದ ಸೋಕಿದರೆ ಅದು ಹೂ ಬಿಡುತ್ತದೆಂಬ ಕವಿಸಮಯವನ್ನು ವಿವರಿಸಿದ್ದೇನೆ. ಕಾಳಿದಾಸನ 'ಮಾಳವಿಕಾಗ್ನಿಮಿತ್ರ'ದಲ್ಲಿ ಈ ನಂಬಿಕೆಯೇ ಕಥೆಯ ಒಂದು ಎಳೆಯಾಗಿ ಬರುವುದನ್ನು ಹುಡುಗರಿಗೆ ಬಿಡಿಸಿ ತೋರಿಸಿದ್ದೇನೆ. ಅಶೋಕವೆಂದರೆ ಯಾವ ಮರವೆಂದು ಯಾರಾದರೂ ಕೇಳಿದರೆ, ತರಗತಿಯ ಕಿಟಕಿಯಾಚೆ ಕಾಂಪೌಂಡಿನ ಗೋಡೆಯುದ್ದಕ್ಕೂ ಕಂಬಗಳಂತೆ ನೆಟ್ಟಗೆ ನಿಂತಿದ್ದ ಮರಗಳ ಕಡೆಗೆ ಬೆರಳು ತೋರುತ್ತಿದ್ದೆ. ಊರೆಲ್ಲ ಅದನ್ನು ಅಶೋಕವೆಂದೇ ಕರೆಯುತ್ತಿತ್ತು. ನನಗೆ ಸಂಶಯಪಡಲು ಕಾರಣವೇ ಇರಲಿಲ್ಲ.

1994ರ ಫೆಬ್ರವರಿಯ ಒಂದು ಮಧ್ಯಾಹ್ನ ಹೀಗೆಯೇ ಬೆರಳು ತೋರಿದಾಗ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದು ನಿಂತ. ಜೋಯಿಡಾ ಕಡೆಯ ಕುಣಬಿ ಮನೆತನದ ಹುಡುಗ. ಮಾತು ಬಹಳ ಕಡಮೆ. "ಸರ್, ಅದು ಅಶೋಕ ಅಲ್ಲ" ಎಂದ. "ಅದರ ಹೂವು ಹಸಿರು ಸರ್, ಎಲೆಯ ನಡುವೆ ಹುಡುಕಬೇಕು. ಅಶೋಕದ ಹೂವು ಕೆಂಪು. ಕಾಂಡದ ಮೇಲೆ, ಕೊಂಬೆಯ ಮೇಲೆ ಗೊಂಚಲಾಗಿ ಬರ್ತದೆ. ನಮ್ಮ ಹಳ್ಳದ ಬದಿಗೆ ಇದೆ. ನಮ್ಮ ಅಜ್ಜಿ ಔಷಧಕ್ಕೆ ಅದರ ತೊಗಟೆ ತರ್ತಾಳೆ." ತರಗತಿ ನಕ್ಕಿತು. ನಾನು "ಸರಿ, ಕೂತುಕೋ" ಎಂದು ಪಾಠ ಮುಂದುವರಿಸಿದೆ. ಆದರೆ ಸಂಜೆ ಎಲ್ಲರೂ ಹೋದ ಮೇಲೆ ಆ ಮರಗಳ ಕೆಳಗೆ ಹೋಗಿ ನಿಂತೆ. ಆಗತಾನೆ ಬಿಡತೊಡಗಿದ್ದ ಹೂಗಳು ಹುಡುಗ ಹೇಳಿದಂತೆ ತಿಳಿಹಸಿರು ಬಣ್ಣದವು. ಎಂಟು ವರ್ಷ ಆ ಕಿಟಕಿಯ ಪಕ್ಕದಲ್ಲಿಯೇ ನಿಂತು, ಹೂವಿಗಾಗಿ ಹುಟ್ಟಿದ ಮರವೆಂದು ವರ್ಣಿಸುತ್ತಿದ್ದವನು ಒಮ್ಮೆಯಾದರೂ ಅದರ ಹೂವನ್ನು ನೋಡಿರಲಿಲ್ಲ.

ಎರಡು ವಾರಗಳ ಅನಂತರ ಒಂದು ಭಾನುವಾರ ಆ ಹುಡುಗನೊಡನೆ ಬಸ್ಸು ಹತ್ತಿ, ಜೋಯಿಡಾ ದಾಟಿ, ಅಲ್ಲಿಂದ ಕಾಲುದಾರಿ ಹಿಡಿದು ಅವನ ಊರಿಗೆ ಹೋದೆ. ಹಳ್ಳದ ತಂಪಿನಲ್ಲಿ, ಮಧ್ಯಮ ಎತ್ತರದ ದಟ್ಟ ನೆರಳಿನ ಮರ. ಹೊಸ ಚಿಗುರು ತಾಮ್ರವರ್ಣ. ಒದ್ದೆ ಬಟ್ಟೆಯಂತೆ ಜೋಲುಬಿದ್ದಿತ್ತು. ಹಳೆಯ ಕೊಂಬೆಗಳ ಮೈಯಿಂದಲೇ ಹೂಗೊಂಚಲುಗಳು ಒಡೆದಿದ್ದವು: ಎಳೆಯವು ಹಳದಿ, ಬಲಿತವು ಕಿತ್ತಳೆ, ಇನ್ನೂ ಬಲಿತವು ಅಪ್ಪಟ ಕೆಂಪು. ಒಂದೇ ಗೊಂಚಲಿನಲ್ಲಿ ಮೂರು ಬಣ್ಣ. ಹುಡುಗನ ಅಜ್ಜಿ ಕೊಂಕಣಿಯಲ್ಲಿ ಏನೋ ಹೇಳಿದರು, ಅವನು ಕನ್ನಡಿಸಿದ. "ತೊಗಟೆ ಸುತ್ತಲೂ ತೆಗೆದರೆ ಮರ ಸಾಯ್ತದೆ ಮಾಸ್ತರರೆ. ಒಂದೇ ಬದಿಯಿಂದ ಅಂಗೈಯಷ್ಟು ತೆಗೀಬೇಕು. ಆ ಗಾಯ ಮಾಯುವ ತನಕ ಮತ್ತೆ ಮುಟ್ಟಬಾರದು." ಆಯುರ್ವೇದದ ಅಶೋಕಾರಿಷ್ಟಕ್ಕೆ ಬೇಕಾಗುವುದು ಇದೇ ತೊಗಟೆ, ಸ್ತ್ರೀಯರ ಮುಟ್ಟಿನ ತೊಂದರೆಗಳಿಗೆ ಅದನ್ನು ಪರಂಪರೆಯಿಂದ ಬಳಸುತ್ತ ಬಂದಿದ್ದಾರೆ. ಕವಿಗಳು ಹೆಣ್ಣಿಗೂ ಅಶೋಕಕ್ಕೂ ಕಲ್ಪಿಸಿದ ನಂಟು ನನಗೆ ಗೊತ್ತಿತ್ತು. ಆ ಅಜ್ಜಿಗೆ ಗೊತ್ತಿದ್ದ ನಂಟು ಗೊತ್ತಿರಲಿಲ್ಲ.

ಈ ಪ್ರಸಂಗವನ್ನು ಮೊದಲಿಗೇ ಹೇಳಿಬಿಡಲು ಕಾರಣವಿದೆ. ಮರಗಳ ವಿಷಯ ಮಾತನಾಡಲು ನಾನು ಸಸ್ಯಶಾಸ್ತ್ರಜ್ಞನಲ್ಲ, ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದವನು. ನನಗಿರುವುದು ತಪ್ಪು ಮಾಡಿ ತಿದ್ದಿಕೊಂಡವನ ಅಧಿಕಾರವಷ್ಟೆ. ಅಂದಿನಿಂದ ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡಗಳಲ್ಲಿ ತಿರುಗಾಡುವಾಗಲೆಲ್ಲ ಕಂಡ ಮರದ ಹೆಸರನ್ನು ಕಂಡವರಲ್ಲಿ ಕೇಳುವ ಅಭ್ಯಾಸ ಮಾಡಿಕೊಂಡೆ. ಹಾಗೆ ಕೇಳಿ ಕಲಿತದ್ದರಲ್ಲಿ ಸ್ವಲ್ಪವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಈ ನಾಲ್ಕು ಊರುಗಳ ಮರಗಳನ್ನು ತಿಳಿಯಲು ಮಳೆಯನ್ನು ಹಿಂಬಾಲಿಸಿದರೆ ಸಾಕು. ಪಶ್ಚಿಮದ ತುದಿಯಲ್ಲಿರುವ ಜೋಯಿಡಾದಲ್ಲಿ ಘಟ್ಟದ ಜಡಿಮಳೆ. ಅಲ್ಲಿ ಎಲೆಯುದುರದ ನಿತ್ಯಹಸಿರಿನ ಕಾಡು. ಕಾಳಿ ನದಿಯನ್ನು ಅನುಸರಿಸಿ ದಾಂಡೇಲಿಗೆ ಬಂದರೆ ಬೇಸಿಗೆಯಲ್ಲಿ ಎಲೆಯುದುರಿಸುವ ಎತ್ತರದ ಮರಗಳು. ಹಳಿಯಾಳಕ್ಕೆ ಬರುವ ಹೊತ್ತಿಗೆ ಮಳೆ ಇನ್ನೂ ಕಡಮೆಯಾಗಿ ಕಾಡು ತೆಳುವಾಗುತ್ತದೆ. ಮುಂಡಗೋಡ ಬಯಲುಸೀಮೆಯ ಹೊಸ್ತಿಲು. ಕಾಡು ಅಲ್ಲಿ ಕೆರೆ ಗದ್ದೆಗಳೊಡನೆ ಕಲೆತುಹೋಗುತ್ತದೆ. ಒಂದು ದಿನದ ಬಸ್ಸಿನ ಪ್ರಯಾಣದಲ್ಲಿ ಇಷ್ಟು ಬಗೆಯ ಕಾಡನ್ನು ಕಾಣುವುದು ಎಲ್ಲ ಸೀಮೆಗೂ ಲಭಿಸುವ ಭಾಗ್ಯವಲ್ಲ.

ಜೋಯಿಡಾದ ಕಾಡಿನಲ್ಲಿ ಸುರಗಿಯುಂಟು. ಅದೂ ಅಶೋಕದಂತೆ ಕೊಂಬೆಯ ಮೈಯಲ್ಲೇ ಹೂ ಬಿಡುವ ಮರ. ಬೇಸಿಗೆಯ ಆರಂಭದಲ್ಲಿ ಮೊಗ್ಗುಗಳನ್ನು ಬಿಡಿಸಿ ಒಣಗಿಸಿಡುತ್ತಾರೆ; ಒಣಗಿದ ಮೇಲೂ ಕಂಪು ಆರುವುದಿಲ್ಲ. ಯು. ಆರ್. ಅನಂತಮೂರ್ತಿಯವರು 2012ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನಕ್ಕೆ ಈ ಹೂವಿನ ಹೆಸರನ್ನೇ ಇಟ್ಟರು. ಸಂಸ್ಕೃತದ ಬಕುಳವೂ ಇಲ್ಲಿದೆ. ಕನ್ನಡದಲ್ಲಿ ರಂಜಲು, ರೆಂಜೆ, ಕೊಂಕಣಿಯವರಿಗೆ ಓಂವಳ. ನಕ್ಷತ್ರದಂಥ ಸಣ್ಣ ಹೂಗಳು ಬೆಳಗಿನ ಜಾವ ನೆಲದ ಮೇಲೆ ಉದುರಿರುತ್ತವೆ. ಮಕ್ಕಳು ಅವನ್ನು ಆರಿಸಿ ದಾರಕ್ಕೆ ಪೋಣಿಸುತ್ತಾರೆ. ತೊಗಟೆ ಹಲ್ಲು ಒಸಡುಗಳಿಗೆ ಮದ್ದು. ಇನ್ನು ಮುರುಗಲು ಮತ್ತು ಉಪ್ಪಾಗೆ ಅಕ್ಕತಂಗಿಯರು. ಮುರುಗಲ ಹಣ್ಣಿನ ಕೆಂಪು ಸಿಪ್ಪೆ ಪಾನಕಕ್ಕೆ, ಸಾರಿನ ಹುಳಿಗೆ. ಬೀಜದಿಂದ ತೆಗೆದ ಗಟ್ಟಿ ತುಪ್ಪ ಒಡೆದ ಹಿಮ್ಮಡಿಗೆ. ಮುರುಗಲು ಬಿಸಿಲಿನಲ್ಲಿ ಹಣ್ಣಾಗುತ್ತದೆ, ಉಪ್ಪಾಗೆ ಮಳೆಯಲ್ಲಿ. ಆದ್ದರಿಂದ ಉಪ್ಪಾಗೆಯ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕಾಗುತ್ತದೆ. 1990ರ ದಶಕದಲ್ಲಿ ಮೈ ಇಳಿಸುವ ಮಾತ್ರೆಗಳಿಗೆಂದು ಅದಕ್ಕೆ ಹೊರದೇಶಗಳಿಂದ ಬೇಡಿಕೆ ಬಂತು. ಹಣ್ಣು ಕೊಯ್ಯುವ ಅವಸರಕ್ಕೆ ಕೊಂಬೆಗಳೇ ಕಡಿದುಬಿದ್ದವು. ಬಳಕೆ ಒಂದು ಮಿತಿಯೊಳಗಿದ್ದಾಗ ಮರವನ್ನು ಕಾಯುತ್ತದೆ, ಮಿತಿ ದಾಟಿದರೆ ಕೊಲ್ಲುತ್ತದೆ. ಅಂಗೈಯಷ್ಟು ತೊಗಟೆಯ ಲೆಕ್ಕ ಹೇಳಿದ ಅಜ್ಜಿಯ ಮಾತೂ ಇದೇ ಅಲ್ಲವೆ?

ದಾಂಡೇಲಿಯ ಹೆಸರಿನೊಡನೆ ನೆನಪಾಗುವ ಮರ ತೇಗ. ಸಾಗುವಾನಿಯೆಂದರೂ ಅದೇ. ಇಂಗ್ಲಿಷರ 'ಟೀಕ್' ಎಂಬ ಮಾತು ಮಲಯಾಳದ ತೇಕ್ಕಿನಿಂದ ಪೋರ್ಚುಗೀಸರ ಮೂಲಕ ಹೋದದ್ದು. ನಮ್ಮ ತೇಗ ಅದೇ ಕುಲದ ಪದ. ಎಳೆಯ ಎಲೆಯನ್ನು ಅಂಗೈಯಲ್ಲಿ ತಿಕ್ಕಿದರೆ ಕೈ ಕೆಂಪಾಗುತ್ತದೆ. ಹಳ್ಳಿಯ ಹುಡುಗಿಯರಿಗೆ ಅದು ಪುಕ್ಕಟೆಯ ಮದರಂಗಿ. ತೇಗ ಮಳೆಗಾಲದಲ್ಲಿ ಬಿಳಿಯ ಹೂ ತಳೆಯುತ್ತದೆಂಬುದನ್ನು ಎಷ್ಟು ಜನ ಗಮನಿಸಿದ್ದೇವೆ? ಅದನ್ನು ನಾವು ನೋಡುವುದು ಹಲಗೆಯಾದ ಮೇಲೆಯೇ. ಸರಕಾರವೂ ಹಾಗೆಯೇ ನೋಡಿತು. ಬ್ರಿಟಿಷರ ಕಾಲದಲ್ಲಿ ತೇಗ, ಬೀಟೆ, ಗಂಧಗಳು ಸರಕಾರದ ಸೊತ್ತಾದವು. ಸ್ವಾತಂತ್ರ್ಯಾನಂತರವೂ ಬೆರಕೆ ಕಾಡನ್ನು ಕಡಿದು ತೇಗವೊಂದನ್ನೇ ನೆಡುವ ಪದ್ಧತಿ ಮುಂದುವರಿಯಿತು. ಅದನ್ನು ತಡೆಯಲೆಂದೇ 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ತಬ್ಬಿ ನಿಂತರು; ಅದೇ ಅಪ್ಪಿಕೋ ಚಳವಳಿ. ತೇಗ ನಮ್ಮದೇ ಮರ. ಆದರೆ ತೇಗವೊಂದೇ ಇರುವ ಕಾಡು ನಮ್ಮದಲ್ಲವೆಂದು ಆ ರೈತರು ಕಂಡುಕೊಂಡಿದ್ದರು.

ತೇಗದ ನೆರೆಹೊರೆಯವರನ್ನು ನೋಡಿ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಬಿರುಕುಬಿಟ್ಟದ್ದು. ಕಾಡುಗಿಚ್ಚನ್ನು ತಾಳಿಕೊಳ್ಳಲು ಅದೇ ಅದರ ಕವಚ. ಕೆಲವು ಮತ್ತಿಗಳ ಕಾಂಡದಲ್ಲಿ ಬೇಸಿಗೆಯಲ್ಲೂ ನೀರು ಸಂಗ್ರಹವಾಗಿರುತ್ತದೆ. ಕಾಡಿನವರು ಉಬ್ಬು ನೋಡಿ ಕಚ್ಚು ಹಾಕಿ ಕುಡಿಯಬಲ್ಲರು. ನಂದಿಯ ಮೈ ಇದಕ್ಕೆ ತೀರ ವಿರುದ್ಧ, ನುಣುಪು, ಬಿಳಿಚು, ಹಾಳೆಹಾಳೆಯಾಗಿ ಸುಲಿಯುವಂಥದು. ಹೊನ್ನೆಯ ತೊಗಟೆಗೆ ಕತ್ತಿ ತಾಗಿದರೆ ರಕ್ತದಂತೆ ಕೆಂಪು ರಸ ಒಸರುತ್ತದೆ. ಅದರ ಕೆಚ್ಚಿನಿಂದ ಕಡೆದ ಲೋಟದಲ್ಲಿ ನೀರಿಟ್ಟರೆ ನಸುನೀಲಿಯ ಛಾಯೆ ಬರುತ್ತದೆ. ಸಕ್ಕರೆ ಕಾಯಿಲೆಯವರು ಆ ನೀರು ಕುಡಿಯುವ ರೂಢಿ ಹಳೆಯದು. ಜಂಬೆಯ ಗಟ್ಟಿ ಮರ ರೈಲುಹಳಿಯ ಅಡಿಮರವಾಯಿತು. ಮದ್ದಾಲೆಯನ್ನು ಕುರಿತು ಮಾತ್ರ ಮೇಷ್ಟರಾದ ನಾನು ವಿಶೇಷವಾಗಿ ಹೇಳಲೇಬೇಕು. ಸಂಸ್ಕೃತದಲ್ಲಿ ಅದು ಸಪ್ತಪರ್ಣಿ, ಒಂದೊಂದು ಗೆಣ್ಣಿಗೂ ಏಳೇಳು ಎಲೆಗಳ ಸುತ್ತು. ಮಕ್ಕಳು ಅಕ್ಷರ ತಿದ್ದುವ ಹಲಗೆಗಳನ್ನು ಅದರ ಹಗುರ ಮರದಿಂದ ಮಾಡುತ್ತಿದ್ದರು. ಆದ್ದರಿಂದಲೇ ಸಸ್ಯಶಾಸ್ತ್ರಜ್ಞರು ಅದರ ಹೆಸರಿಗೆ 'ಸ್ಕೊಲಾರಿಸ್' ಎಂಬ ಮಾತನ್ನು ಜೋಡಿಸಿದರು. ನಾವು ಅಕ್ಷರಸ್ಥರಾದ ಋಣ ಕಾಡಿನ ಮೇಲಿದೆ. ಬಿದಿರಿನ ಋಣವೂ ಉಂಟು: 1950ರ ದಶಕದಲ್ಲಿ ದಾಂಡೇಲಿಯಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಗೆ ಮೊದಲ ಕಚ್ಚಾವಸ್ತು ಈ ಸೀಮೆಯ ಬಿದಿರೇ. ವನವರ್ಣನೆಯನ್ನು ನಾವು ಓದಿದ ಹಾಳೆ ಯಾವ ವನದ್ದೋ!

ಉಪಯೋಗವೆಂದ ಮಾತ್ರಕ್ಕೆ ಮನುಷ್ಯರ ಉಪಯೋಗವೊಂದನ್ನೇ ಎಣಿಸಬೇಕಾಗಿಲ್ಲ. ಕಾಳಿಯ ದಡದ ಅತ್ತಿ, ಬಸರಿ, ಗೋಣಿಗಳನ್ನು ಬಡಗಿ ಕಣ್ಣೆತ್ತಿಯೂ ನೋಡುವುದಿಲ್ಲ. ಆದರೆ ದಾಂಡೇಲಿಗೆ ಹೆಸರು ತಂದ ಮಂಗಟ್ಟೆ ಹಕ್ಕಿಗಳಿಗೆ ಅವೇ ಅನ್ನದ ಮರಗಳು. ಪೊಟರೆಯೊಳಗೆ ತನ್ನನ್ನು ತಾನೇ ಮುಚ್ಚಿಕೊಂಡು ಮೊಟ್ಟೆಗೆ ಕಾವು ಕೊಡುವ ಹೆಣ್ಣುಹಕ್ಕಿಗೆ ಗಂಡು ಕೊಕ್ಕಿನಲ್ಲಿ ತಂದು ಉಣಿಸುವುದು ಈ ಹಣ್ಣುಗಳನ್ನು. ಪೊಟರೆ ಬೇಕಾದರೆ ಹಳೆಯ ಮರ ಉಳಿದಿರಬೇಕು.

ಹಳಿಯಾಳದ ದಾರಿಯಲ್ಲಿ ಮುತ್ತುಗವನ್ನು ನೋಡಲು ಹೋಳಿಹುಣ್ಣಿಮೆಯ ಆಸುಪಾಸಿನಲ್ಲಿ ಹೋಗಬೇಕು. ಎಲೆಯೊಂದೂ ಇಲ್ಲದ ಮರ ಕೆಂಡದ ರಾಶಿಯಂತೆ ಕಾಣುತ್ತದೆ. ಹೂವಿನ ಆಕಾರ ಗಿಳಿಯ ಕೊಕ್ಕಿನಂತಿರುವುದರಿಂದ, ಇದೇನು ಗಿಳಿಯೋ ಎಂಬ ಅರ್ಥದಲ್ಲಿ ಸಂಸ್ಕೃತದವರು ಅದನ್ನು ಕಿಂಶುಕವೆಂದರು. ಹೂವನ್ನು ಕುದಿಸಿದರೆ ಕೇಸರಿ ಬಣ್ಣ. ಹೋಳಿಯ ಓಕುಳಿಗೆ ಅದೇ ಹಳೆಯ ಬಣ್ಣ. ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಪತ್ರಾವಳಿ ಹಚ್ಚುತ್ತಿದ್ದರು. ವಟುವಿನ ಕೈಯ ದಂಡವೂ ಪಲಾಶದ್ದೇ. ಹೂವು, ಎಲೆ, ಕಡ್ಡಿ ಎಲ್ಲಕ್ಕೂ ಮನೆಯಲ್ಲಿ ಒಂದೊಂದು ಕೆಲಸ. ವಿದ್ಯೆಯಿಲ್ಲದ ಚೆಲುವನನ್ನು ವಾಸನೆಯಿಲ್ಲದ ಕಿಂಶುಕಕ್ಕೆ ಹೋಲಿಸುವ ಸುಭಾಷಿತವೊಂದಿದೆ. ಅದನ್ನೂ ನಾನು ಪಾಠ ಹೇಳಿದ್ದೆ. ಮರ ಗೊತ್ತಿಲ್ಲದ ವಿದ್ಯಾವಂತನನ್ನು ಯಾವ ಹೂವಿಗೆ ಹೋಲಿಸಬೇಕೆಂಬುದನ್ನು ಸುಭಾಷಿತಕಾರರು ಹೇಳಿಲ್ಲ.

ಇದೇ ಸೀಮೆಯಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಕಕ್ಕೆ ಚಿನ್ನದ ಸರಗಳನ್ನು ಇಳಿಬಿಡುತ್ತದೆ. ಕೇರಳೀಯರಿಗೆ ಅದಿಲ್ಲದೆ ವಿಷು ಹಬ್ಬವಿಲ್ಲ. ಥಾಯ್ಲೆಂಡಿಗೆ ಅದು ರಾಷ್ಟ್ರವೃಕ್ಷ. ಉದ್ದನೆಯ ಕಾಯಿಯೊಳಗಿನ ಕಪ್ಪು ತಿರುಳು ಮಲಬದ್ಧತೆಗೆ ನಾಟಿವೈದ್ಯರ ಮದ್ದು. ಹೊಳೆದಂಡೆಗಳಲ್ಲಿ ಅದೇ ವೇಳೆಗೆ ಹೊಳೆದಾಸವಾಳ ನೇರಳೆ ಬಣ್ಣ ತಳೆಯುತ್ತದೆ. ಹೆಸರು ದಾಸವಾಳವಾದರೂ ಅದು ನಂದಿಯ ಹತ್ತಿರದ ಬಂಧು. ನೆರೆಯ ಮಹಾರಾಷ್ಟ್ರ ಅದನ್ನು ರಾಜ್ಯಪುಷ್ಪವನ್ನಾಗಿ ಮಾಡಿಕೊಂಡಿದೆ.

ಮುಂಡಗೋಡಕ್ಕೆ ಬಂದರೆ ನಾವು ಬನವಾಸಿಯ ನೆರೆಗೆ ಬಂದಂತೆ. ಬನವಾಸಿಯ ಚೆಲುವನ್ನು ನೆನೆಯುವಾಗ ಪಂಪ ಮಾವು ಸಂಪಿಗೆಗಳನ್ನು ಹೆಸರಿಟ್ಟು ಕರೆದ. ಅವನಿಗೆ ದೇಶವೆಂದರೆ ಅದರ ಮರಗಳೂ ಕೂಡ. ಬನವಾಸಿಯನ್ನಾಳಿದ ಕದಂಬರು ಮನೆಯ ಬಳಿ ಬೆಳೆದಿದ್ದ ಮರದಿಂದಲೇ ತಮ್ಮ ಹೆಸರನ್ನು ಪಡೆದರೆಂದು ತಾಳಗುಂದದ ಸ್ತಂಭಶಾಸನ ಹೇಳುತ್ತದೆ. ಕನ್ನಡದ ಮೊದಲ ರಾಜವಂಶಕ್ಕೆ ಒಂದು ಮರ ಹೆಸರು ಕೊಟ್ಟಿತು. ಚೆಂಡಿನಂಥ ಅದರ ಹೂವು ಮಳೆಗಾಲದಲ್ಲಿ ಅರಳುವುದನ್ನು ನಮ್ಮಲ್ಲಿ ಎಷ್ಟು ಮಂದಿ ಕಂಡಿದ್ದೇವೆ? ಮುಂಡಗೋಡದಲ್ಲಿ 1966ರಲ್ಲಿ ನೆಲೆ ಪಡೆದ ಟಿಬೇಟಿಯನ್ನರನ್ನು ಇಲ್ಲಿ ನೆನೆಯಬೇಕು. ಹಿಮದ ನಾಡಿನಿಂದ ಬಂದ ಅವರಿಗೆ ಇಲ್ಲಿಯ ಹೆಚ್ಚಿನ ಮರಗಳು ಹೊಸವು. ಆದರೆ ನಾವು ಅರಳಿಯೆಂದು ಕಟ್ಟೆ ಕಟ್ಟಿ ಸುತ್ತುವ ಮರ ಅವರಿಗೆ ಬುದ್ಧನ ಬೋಧಿವೃಕ್ಷ. ಕಾಣದ ನಾಡಿನಲ್ಲಿಯೂ ಅವರಿಗೆ ಒಂದು ಮರ ಪರಿಚಿತವಾಗಿತ್ತು.

ಈಗ ನಮ್ಮ ಪೇಟೆಗಳ ಅಲಂಕಾರದ ಮರಗಳ ಮಾತು. ಗುಲ್‌ಮೊಹರ್ ಮಡಗಾಸ್ಕರದ್ದು, ಜಕರಂದ ದಕ್ಷಿಣ ಅಮೆರಿಕದ್ದು, ಮಳೆಮರ ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು, ನೀರುಕಾಯಿ ಮರ ಆಫ್ರಿಕದ್ದು. ಇವು ಪರದೇಶಿಗಳೆಂದು ಹಳಿಯುವುದು ಸುಲಭ. ಆದರೆ ನಮ್ಮ ಗೇರೂ ಪೋರ್ಚುಗೀಸರೊಡನೆ ಬಂದದ್ದೇ. ಅದನ್ನು ಯಾರೂ ಪರಕೀಯವೆನ್ನುವುದಿಲ್ಲ. ಗುಲ್‌ಮೊಹರನ್ನು ನಮ್ಮ ಮಕ್ಕಳು ಕತ್ತಿಕಾಯಿ ಮರವೆಂದು ಕರೆದು ಅದರ ಕಾಯಿಗಳಿಂದ ಕತ್ತಿವರಸೆ ಆಡಿದರು, ಕೇಸರಗಳನ್ನು ಕೊಂಡಿ ಹಾಕಿ ಎಳೆದು ಕೋಳಿಜಗಳ ಕಾಯಿಸಿದರು. ನೀರುಕಾಯಿ ಮರದ ಮೊಗ್ಗು ಅವರ ಪಿಚಕಾರಿ. ಹೆಸರಿಟ್ಟು, ಆಟವಾಡಿ, ಮಕ್ಕಳು ಆ ಮರಗಳನ್ನು ಅಷ್ಟರಮಟ್ಟಿಗೆ ನಮ್ಮವನ್ನಾಗಿ ಮಾಡಿದ್ದಾರೆ. ಇತ್ತ ನಮ್ಮ ಕಾಲೇಜಿನ ಕಂಬದಂಥ ಮರ ನಮ್ಮ ದೇಶದ್ದೇ ಆದರೂ ಅದನ್ನು ನಾವು ಬೇರೆಯ ಮರದ ಹೆಸರಿನಿಂದ ಕರೆದೆವು. ಹಾಗೆ ಕರೆದದ್ದರಿಂದ ಅದನ್ನೂ ಅರಿಯಲಿಲ್ಲ, ಆ ಹೆಸರಿನ ನಿಜವಾದ ಮರವನ್ನೂ ಮರೆತೆವು. ಪರಕೀಯತೆ ಇರುವುದು ಬೀಜ ಬಂದ ದೂರದಲ್ಲಲ್ಲ, ನಮ್ಮ ಅಜ್ಞಾನದಲ್ಲಿ ಎಂದು ನನಗೆ ತೋರುತ್ತದೆ.

ಆದರೂ ಹೊಸದಾಗಿ ನೆಡುವಾಗ ಆಯ್ಕೆ ನಮ್ಮ ಕೈಯಲ್ಲಿದೆ. ನೇರಳೆ ಬಣ್ಣ ಬೇಕೆಂದರೆ ಜಕರಂದಕ್ಕೆ ಬದಲಾಗಿ ಹೊಳೆದಾಸವಾಳವುಂಟು. ಹಳದಿ ಬೇಕೆಂದರೆ ಕಕ್ಕೆಯುಂಟು. ಕೆಂಪಿಗೆ ಮುತ್ತುಗ, ನೆರಳಿದ್ದ ಕಡೆ ಅಶೋಕ. ಕಂಪಿಗೆ ರಂಜಲು, ಸಂಪಿಗೆ. ಗುಲ್‌ಮೊಹರಿನ ಬೇರು ಮೇಲುಮೇಲಿನದು, ಕೊಂಬೆ ಪೆಡಸು, ಮಳೆಗಾಳಿಗೆ ಬೀಳುವುದು ಹೆಚ್ಚು. ಅದರ ಒಣಕಾಯಿ ಯಾವ ಮಂಗಟ್ಟೆಯ ಹೊಟ್ಟೆಯನ್ನೂ ತುಂಬುವುದಿಲ್ಲ. ನಮ್ಮ ಹಿರಿಯರಿಗೆ ಅಲಂಕಾರದ ಮರ ಬೇರೆ, ಉಪಯೋಗದ ಮರ ಬೇರೆ ಎಂಬ ಭೇದವಿರಲಿಲ್ಲ. ಮುತ್ತುಗ ಕಣ್ಣಿಗೆ ಹಬ್ಬವಾಗಿದ್ದುಕೊಂಡೇ ಊಟಕ್ಕೆ ಎಲೆಯಾಗುತ್ತಿತ್ತು.

ಉತ್ತರ ಕನ್ನಡದ ಅರಣ್ಯಾಧಿಕಾರಿಯಾಗಿದ್ದ ಟಾಲ್ಬಟ್ ಎಂಬ ಆಂಗ್ಲರು ಬೊಂಬಾಯಿ ಪ್ರಾಂತದ ಸಸ್ಯಗಳನ್ನು ಕುರಿತು ಬರೆದ ಎರಡು ಸಂಪುಟಗಳು 1909ರಿಂದ 1911ರ ವೇಳೆಗೆ ಅಚ್ಚಾದವು. ಪರದೇಶದಿಂದ ಬಂದವರೊಬ್ಬರು ಇಲ್ಲಿಯ ಜನ ಮರಗಳನ್ನು ಏನೆಂದು ಕರೆಯುತ್ತಾರೆಂದು ವಿಚಾರಿಸಿ ಬರೆದಿಟ್ಟರು. ಇದೇ ನೆಲದಲ್ಲಿದ್ದು ಕನ್ನಡವನ್ನೇ ಜೀವನೋಪಾಯವಾಗಿ ಮಾಡಿಕೊಂಡ ನಾನು ಎಂಟು ವರ್ಷ ಯಾರನ್ನೂ ಕೇಳಲಿಲ್ಲ. ನಿಘಂಟಿನಲ್ಲಿ ಅಶೋಕವೆಂದರೆ 'ಒಂದು ಜಾತಿಯ ಮರ' ಎಂದಿದ್ದರೆ ನಮಗೆ ಸಾಕಾಗುತ್ತದೆ. ಪದ ನಿಘಂಟಿನಲ್ಲಿ ಉಳಿಯುತ್ತದೆ, ಮರ ಹಳ್ಳದ ಬದಿಯಿಂದ ಕಣ್ಮರೆಯಾಗುತ್ತದೆ. ಹೋದದ್ದು ತಿಳಿಯುವುದೂ ಇಲ್ಲ.

ಇದು ಅಲಂಕಾರದ ಮಾತಲ್ಲ. 2009ರಲ್ಲಿ ಮತ್ತೆ ಆ ಹಳ್ಳಕ್ಕೆ ಹೋಗಿದ್ದೆ. ಅಜ್ಜಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮರ ಅಲ್ಲೇ ನಿಂತಿತ್ತು. ಆಳೆತ್ತರದವರೆಗೆ ಸುತ್ತಲೂ ತೊಗಟೆ ಸುಲಿದು ಒಣಗಿಹೋಗಿತ್ತು. ಯಾರು ಸುಲಿದರೋ ತಿಳಿಯದು. ತೊಗಟೆಗೆ ಪೇಟೆಯಲ್ಲಿ ಬೆಲೆಯಿದೆ. ಅಶೋಕವನ್ನು ಈಗ ಅಪಾಯದಂಚಿನ ಮರಗಳ ಪಟ್ಟಿಯಲ್ಲಿ ಸೇರಿಸಿದ್ದಾರೆಂದು ಓದಿದ್ದೇನೆ. ನನ್ನ ಕಣ್ಣ ಮುಂದಿದ್ದದ್ದು ಪಟ್ಟಿಯಲ್ಲ, ಒಂದು ಮರ. ಹುಡುಗ, ಈಗ ಅವನೂ ಗೃಹಸ್ಥ, ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹಿತ್ತಿಲಿಗೆ ಕರೆದುಕೊಂಡು ಹೋದ. ಮರ ಬದುಕಿದ್ದಾಗ ಬಿದ್ದ ಬೀಜಗಳನ್ನು ಹಸಿಯಿರುವಾಗಲೇ ಅಜ್ಜಿ ಮಣ್ಣಿಗೆ ಹಾಕಿದ್ದರಂತೆ. ಅವು ಒಣಗಿದರೆ ಮೊಳೆಯುವುದಿಲ್ಲ. ಸೊಂಟದೆತ್ತರದ ನಾಲ್ಕು ಗಿಡಗಳಿದ್ದವು. ಒಂದನ್ನು ಬೇರಿನ ಮಣ್ಣಿನ ಸಮೇತ ಅಗೆದು ಗೋಣಿಯಲ್ಲಿ ಸುತ್ತಿಕೊಟ್ಟ.

ಅದು ಈಗ ನನ್ನ ಮನೆಯ ಬಚ್ಚಲುನೀರು ಹರಿಯುವ ಕಡೆ, ತೆಂಗಿನ ನೆರಳಿನಲ್ಲಿ ಬೆಳೆದು ನಿಂತಿದೆ. ಫೆಬ್ರವರಿ ಬಂದರೆ ಹೂ ಬಿಡುತ್ತದೆ. ನೋಡಲು ಬಂದವರಲ್ಲಿ ಹೆಚ್ಚಿನವರು "ಇದು ಯಾವ ಮರ?" ಎಂದು ಕೇಳುತ್ತಾರೆ. ಅಶೋಕವೆಂದರೆ ನಂಬುವುದಿಲ್ಲ, ಅವರೂ ಕಂಬದ ಮರವನ್ನೇ ನೆನೆಯುತ್ತಾರೆ. ನಾನು ಕಾಂಡದ ಮೇಲಿನ ಗೊಂಚಲನ್ನು ತೋರಿಸಿ ಆ ತರಗತಿಯ ಕಥೆ ಹೇಳುತ್ತೇನೆ.

ಕೇಳುಗ ಮಿತ್ರರಲ್ಲಿ ನನ್ನದೊಂದೇ ಬಿನ್ನಹ. ನಿಮ್ಮ ಬೀದಿಯ ಕೊನೆಯಲ್ಲಿ ಹೆಸರು ಗೊತ್ತಿಲ್ಲದ ಮರವೊಂದು ಇದ್ದೇ ಇರುತ್ತದೆ. ನಾಳೆ ಬೆಳಿಗ್ಗೆ ಅದರ ಕೆಳಗೆ ಹೋಗುವ ಒಬ್ಬ ಹಿರಿಯರನ್ನು ನಿಲ್ಲಿಸಿ ಅದರ ಹೆಸರು ಕೇಳಿ. ಅದು ಯಾವುದಕ್ಕೆ ಬರುತ್ತದೆಂದೂ ಕೇಳಿ. ಅವರು ನಿಮ್ಮಷ್ಟು ಓದಿದವರಲ್ಲದಿರಬಹುದು. ನಾನು ಆ ದಿನ ಹುಡುಗನನ್ನು "ಕೂತುಕೋ" ಎಂದು ಕೂರಿಸಿದಂತೆ ಅವರ ಮಾತನ್ನು ಅರ್ಧಕ್ಕೆ ತಡೆಯಬೇಡಿ.

(ಆಕಾಶವಾಣಿಯ ಕೃಪೆಯಿಂದ)